ಸ್ಕ್ರೂಡ್ರೈವರಿನ ಮರದ ಹಿಡಿ

ನೌಕಾಪಡೆಯಲ್ಲಿ ಇಂಜಿನಿಯರ್ ಆಗಿದ್ದ ಅಪ್ಪ ಮತ್ತೆ ಹಡಗಿಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ, ರಾಜಾಜಿನಗರದ ಮನೆಯಲ್ಲಿ ಅಮ್ಮನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟರು. ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ತಾಗಿಸಿ, ಮರದ ಹಿಡಿಗೆ ಕಿವಿಯೊತ್ತಿ ಸದ್ದು ಕೇಳಿದರು.

“ಮೆಷಿನ್ ಮಾತು ಕೇಳ್ಸುತ್ತೆ, ನನ್ ಮಾತು ಕೇಳ್ಸಲ್ಲ,” ಎಂದರು ಅಮ್ಮ, ಪೆಡಲ್ ತುಳಿಯುತ್ತಲೇ. “ದಡದ ಕೆಲ್ಸ ಇನ್ನೊಂದ್ ವರ್ಷ ಇತ್ತಲ್ರೀ?”

“ಸಮುದ್ರಕ್ಕೆ ಹೋಗ್ದಿದ್ರೆ ಪ್ರಮೋಷನ್ ಕೊಡಲ್ಲ ಕಣೇ. ಇದೊಂದ್ ಸಲ. ಆಮೇಲೆ ಇಲ್ಲೇ ಇರ್ತೀನಿ.”

ಅಮ್ಮನ ಕಾಲು ನಿಲ್ಲಲಿಲ್ಲ. ಅಪ್ಪ ಹಿಡಿಯನ್ನು ನನ್ನ ಕಿವಿಗೂ ಇಟ್ಟರು.

“ಏನ್ ಹೇಳ್ತಿದೆ ಅಪ್ಪ?”

“ಬಂದ್ಮೇಲೆ ಹೇಳ್ಕೊಡ್ತೀನಿ ಪುಟ್ಟಿ.”

ಆ ಸಲ ಹೋದ ಅಪ್ಪ ಸಮುದ್ರದಿಂದ ಮರಳಲಿಲ್ಲ.

ಇವತ್ತು ಅದೇ ಯಂತ್ರಕ್ಕೆ ಎಣ್ಣೆ ಬಿಡುವಾಗ ಆ ಮಧ್ಯಾಹ್ನದ ವಾಸನೆಯೇ ಬಂತು. ಪೆಡಲ್ ತುಳಿಯುತ್ತ ಅಪ್ಪನ ಸ್ಕ್ರೂಡ್ರೈವರಿನ ಹಿಡಿಗೆ ಕಿವಿಯೊತ್ತಿದೆ. ಸದ್ದು ಚೆನ್ನಾಗಿಯೇ ಕೇಳಿಸುತ್ತದೆ. ಅದು ಏನು ಹೇಳುತ್ತಿದೆ ಎಂದು ನನಗೆ ಇನ್ನೂ ಗೊತ್ತಿಲ್ಲ.