ನಾಲ್ಕನೇ ಹಣಮಪ್ಪ

ರೇಣವ್ವ ತೋರುಬೆರಳನ್ನು ಪುಸ್ತಕದ ಸಾಲಿನ ಮೇಲಿಟ್ಟು, ಅಲ್ಲಿ ಇಲ್ಲದ್ದನ್ನು ಕನ್ನಡ ಮಾಡಿ ಹೇಳಿದಳು.

“ಕ್ಯಾಮರಾನ್. ಅರ್ಥ, ಧೈರ್ಯವಂತ ಅಂತ್ರಿ. ಮನೆತನದ ಹೆಸರು ಎತ್ತಿ ಹಿಡಿಯಾಂವ.”

ಪುಸ್ತಕದಲ್ಲಿ ಇದ್ದದ್ದು ‘ಸೊಟ್ಟ ಮೂಗಿನವನು’ ಎಂದು. ಎದುರಿಗೆ ಕುಳಿತ ಲೋಬೋ ಸಾಹೇಬರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಷ್ಟು ಸಣ್ಣ ಅಕ್ಷರ ಅವರಿಗೆ ಕಾಣುವಂತಿರಲಿಲ್ಲ. ಹೆಸರನ್ನು ಎರಡು ಸಲ ಅಂದು ನೋಡಿದರು. ಮೂರನೆಯ ಸಲ ಮುಖ ಅರಳಿತು.

“ಛಲೋ ಐತಿ. ಮೊಮ್ಮಗಗ ಇದ ಇರಲಿ.”

ಅದು 1981ರ ಮಾರ್ಚ್. ಬಿ.ಎ. ಮುಗಿಸಿದ ರೇಣವ್ವ ಬೆಳಗಾವಿ ಕ್ಯಾಂಪಿನ ವಾಚನಾಲಯದಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಇಂಗ್ಲಿಷ್ ಗಂಡು ಹೆಸರುಗಳ ಮೂಲ, ಅರ್ಥ ಹೇಳುವ ಈ ದಪ್ಪ ಪುಸ್ತಕ ಮೊದಲ ವಾರದಲ್ಲೇ ಕೈಗೆ ಸಿಕ್ಕಿತ್ತು. ಆ ದಿನ ಅವಳು ಹುಡುಕಿದ್ದು ಒಂದೇ ಹೆಸರು. ಸೆಸಿಲ್. ಅವಳ ಅಪ್ಪನದು.

ಅಪ್ಪನ ಹುಟ್ಟು ಹೆಸರು ಹಣಮಪ್ಪ. ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿ, ಭಟ್ಟಿಯ ಮುಂದೆ, ಒಂದೇ ಪಾಳಿಯಲ್ಲಿ ನಾಲ್ವರು ಹಣಮಪ್ಪಗಳಿದ್ದರು. ಹಾಜರಿ ಕೂಗಿದರೆ ನಾಲ್ವರೂ ಒಟ್ಟಿಗೆ ಓಗೊಡುತ್ತಿದ್ದರು. ಮ್ಯಾನೇಜರಾಗಿದ್ದ ಲೋಬೋ ಸಾಹೇಬರು ಬೇಸತ್ತು ನಾಲ್ವರಿಗೂ ಒಂದೊಂದು ಇಂಗ್ಲಿಷ್ ಹೆಸರಿಟ್ಟರು. ರಾಬರ್ಟ್, ಎಡ್ವರ್ಡ್, ರಿಚರ್ಡ್, ಸೆಸಿಲ್.

ಪುಸ್ತಕದ ಪ್ರಕಾರ ಮೊದಲನೆಯವನು ಬೆಳಗುವ ಕೀರ್ತಿಯವನು. ಎರಡನೆಯವನು ಸಂಪತ್ತು ಕಾಯುವವನು. ಮೂರನೆಯವನು ಬಲಶಾಲಿ ಅರಸ. ನಾಲ್ಕನೆಯ ಹೆಸರು ಲ್ಯಾಟಿನ್ನಿಂದ ಬಂದದ್ದು. ಅರ್ಥ, ಕುರುಡ.

ಅಪ್ಪನ ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು.

ಅರ್ಥ ತಿಳಿಯದ ಅಪ್ಪ ಆ ಹೆಸರಿಗೆ ಎದೆಯುಬ್ಬಿಸಿ ನಡೆದ. ಟ್ರಂಕಿನ ಮೇಲೂ ಬರೆಸಿದ. ಅವ್ವ ಕಾಡವ್ವ ಕೂಡ ಅದನ್ನೇ ಹಿಡಿದಳು. ಅವರ ಓಣಿಯಲ್ಲಿ ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಮದುವೆ ಮನೆಯಲ್ಲಿ ಬಹಳ ಕಾಡಿದರೆ ಒಡಪು ಕಟ್ಟಿ, ಅದರ ಕೊನೆಗೆ ಮೆಲ್ಲಗೆ ಸೇರಿಸಿ ಹೇಳಬೇಕು. ಕಾಡವ್ವ ಮಾತ್ರ ದಿನವೂ ಹೊಸ್ತಿಲಲ್ಲಿ ನಿಂತು, ಇಡೀ ಓಣಿಗೆ ಕೇಳುವಂತೆ, “ಸೆಸಿಲ್, ಉಣ್ಣಾಕ ಬಾ” ಎನ್ನುತ್ತಿದ್ದಳು. ಇದು ಕಾರ್ಖಾನೆಯ ಹೆಸರು, ಹೇಳಿದರೆ ದೋಷವಿಲ್ಲ ಎಂದು ಅತ್ತೆಯ ಬಾಯಿ ಮುಚ್ಚಿಸಿದ್ದಳಂತೆ. ನೆರೆಯ ಫಕೀರವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಅಪ್ಪ ನಾಚಿಕೊಂಡೇ ಬಂದು ತಾಟಿನ ಮುಂದೆ ಕೂರುತ್ತಿದ್ದ.

ಅಪ್ಪ ತೀರಿಕೊಂಡು ಮೂರು ವರ್ಷ. ಅರ್ಥ ಗೊತ್ತಾದ ಮೇಲೆ ರೇಣವ್ವನಿಗೆ ಆ ಕೂಗು ನೆನಪಾದರೆ ಮೈ ಉರಿಯುತ್ತಿತ್ತು. ಇಪ್ಪತ್ತೈದು ವರ್ಷ, ಏನೂ ಅರಿಯದ ಅವ್ವನ ಬಾಯಿಂದಲೇ, ಅಪ್ಪನನ್ನು ಕುರುಡ ಎಂದು ಕರೆಸಿದ್ದರು ಸಾಹೇಬರು. ಜೋರಾಗಿ ಮಾತಾಡಿ ಗೊತ್ತಿಲ್ಲದ ಹುಡುಗಿ ಅವಳು. ಜಗಳಕ್ಕೆ ಹೋಗಲಿಲ್ಲ. ಕಾದಳು.

ಈಗ ಸಾಹೇಬರು ತಾವಾಗಿಯೇ ಬಂದು ಕುಳಿತಿದ್ದರು. ಮೊಮ್ಮಗನಿಗೆ ಹೆಸರಿಡುವ ಮಾನವನ್ನು ಸೊಸೆ ಅವರಿಗೇ ಬಿಟ್ಟಿದ್ದಳು. ಹೆಸರಿಗೆ ಒಳ್ಳೆಯ ಅರ್ಥವಿರಬೇಕು, ಅಷ್ಟೇ ಅವರ ಆಸೆ.

“ನಿಮ್ಮಪ್ಪ ಭಟ್ಟಿ ಬೆಂಕಿ ಬಣ್ಣ ನೋಡೇ ಹೆಂಚು ಬೆಂದೈತೋ ಇಲ್ಲೋ ಹೇಳಾಂವ. ಅವಗ ಆ ಹೆಸರೂ ಭಾಳ ಒಪ್ಪಿತ್ತು ನೋಡು,” ಎಂದರು.

ರೇಣವ್ವ ಪುಸ್ತಕ ಮುಚ್ಚಿದಳು. “ಹೌದ್ರಿ. ನಿಮ್ಮ ಮೊಮ್ಮಗಗೂ ಒಪ್ಪತೈತ್ರಿ.”

ಏಳುವಾಗ ಅವರು ಕಾಡವ್ವನ ಆರೋಗ್ಯ ವಿಚಾರಿಸಿದರು. ಮದುವೆಯಾದ ಹೊಸತರಲ್ಲಿ ಅವಳು ಅವರ ಬಂಗಲೆಯಲ್ಲಿ ಕೆಲಸಕ್ಕಿದ್ದಳು. ತಮ್ಮ ತಾಯಿಗೆ ಕಾಲೊತ್ತಲು ಅವಳೇ ಆಗಬೇಕಿತ್ತು ಎಂದು ನೆನೆದರು. ರೇಣವ್ವನಿಗೆ ಅದೂ ಚುಚ್ಚಿತು.

ಭಾನುವಾರ ಖಾನಾಪುರದ ಚರ್ಚಿನಲ್ಲಿ ಅವಳು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು. ಪಾದ್ರಿ ಕೂಸಿನ ನೆತ್ತಿಗೆ ನೀರು ಹಾಕಿ ಹೆಸರು ಹೇಳಿದರು. ಬಂದವರೆಲ್ಲ ಆ ಹೆಸರನ್ನು ಹೊಗಳಿದರು. ಸಾಹೇಬರು ಅವಳನ್ನು ಮುಂದೆ ಕರೆದು, ಹೆಸರು ಹುಡುಕಿಕೊಟ್ಟವಳು ಇವಳೇ ಎಂದು ಎಲ್ಲರಿಗೂ ಹೇಳಿದರು. ಕೂಸು ಅವಳ ಕಿರುಬೆರಳು ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಮನೆಗೆ ಬಂದಾಗ ಕಾಡವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ರೇಣವ್ವ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಪುಸ್ತಕ, ಅಪ್ಪನ ಹೆಸರಿನ ಅರ್ಥ, ತಾನು ತೀರಿಸಿಕೊಂಡ ಸೇಡು. ಅವ್ವ ಅತ್ತಾಳು ಅಂದುಕೊಂಡಿದ್ದಳು. ಕಾಡವ್ವ ಹರಳು ಆರಿಸುತ್ತಲೇ ಇದ್ದಳು. ಅವಳ ಕೈ ನಿಂತದ್ದು ಕೂಸಿನ ಮಾತು ಬಂದಾಗ.

“ಆ ಕೂಸು ನಿನಗ ಏನ ಮಾಡಿತ್ತ, ರೇಣಿ?”

“ಅಪ್ಪ ಏನ ಮಾಡಿದ್ದ ಸಾಹೇಬ್ರಿಗೆ? ಕುರುಡ ಅಂತ ಹೆಸರಿಟ್ರಲ್ಲ ಯವ್ವಾ.”

ಕಾಡವ್ವ ಮೊರವನ್ನು ಪಕ್ಕಕ್ಕಿಟ್ಟಳು.

“ಸಾಹೇಬ್ರು ಮೂರ ಹೆಸರ ಬರದು, ನಾಲ್ಕನೇದ್ದು ಹೊಳೀಲಾರದ ಕುಂತಿದ್ರು. ನಾ ಚಹಾ ಕೊಡಾಕ ಹೋಗಿದ್ದೆ. ಸೆಸಿಲ್ ಅಂತ ಹೇಳಿದಾಕಿ ನಾನ. ಅವರಿಗೆ ಅದರ ಅರ್ಥ ಎಲ್ಲಿ ಗೊತ್ತಿತ್ತು? ಅವರ ತಾಯಿಗೆ ಗೊತ್ತಿತ್ತು. ಕಾಲ ಒತ್ತುಮುಂದ ಒಂದೊಂದ ಹೆಸರಿನ ಕತಿ ಹೇಳಾಕಿ.”

ಒಂದು ಕಣ್ಣು ಹೋದವನಿಗೆ, ಕಟ್ಟಿಕೊಂಡ ಹೆಂಡತಿಯೇ ಇಂಥ ಹೆಸರು ಇಡಿಸುವುದೇ ಎಂದು ರೇಣವ್ವ ಕೇಳಿದಳೋ, ಕೇಳಬೇಕೆಂದು ಬಾಯಿ ತೆರೆದಳೋ.

ಕಾಡವ್ವ ಕುಪ್ಪಸದ ತೋಳನ್ನು ಮೇಲಕ್ಕೆ ಸರಿಸಿದಳು. ಮಗಳು ಎಂದೂ ಕಾಣದ ಜಾಗದಲ್ಲಿ, ಬೆರಳುದ್ದದ ಮೂರು ಬರೆಗಳಿದ್ದವು.

“ನಿಮ್ಮಜ್ಜಿ ಕಾಸಿ ಇಟ್ಟದ್ದು. ನಿಮ್ಮಪ್ಪ ಬಾಜೂಕ ನಿಂತಿದ್ದ. ಹಿರ್ಯಾರು ಬಂದು ಕೇಳಿದಾಗ, ನಾ ಏನೂ ನೋಡಿಲ್ರಿ ಅಂದ. ಹೋದ ಕಣ್ಣಿಗೆ ಇಟ್ಟ ಹೆಸರಲ್ಲವ್ವ ಅದು. ಇದ್ದ ಕಣ್ಣಿಗೆ.”