ಹುರಿಯ ಕೊಕ್ಕೆ

ಇದನ್ನು ಹೇಳುವ ಅರ್ಹತೆ ನನಗಿದೆಯೋ ಇಲ್ಲವೋ, ಕ್ಷಮಿಸಿ. ಕರಗಿಸಲು ಕುಲುಮೆಗೆ ಹೋಗಲಿದ್ದ ಹಳೇ ಪೊಲೀಸ್ ರಿವಾಲ್ವರೊಂದನ್ನು ಆಯುಧಾಗಾರದ ಮೇಸ್ತ್ರಿ ನಿವೃತ್ತ ಇನ್ಸ್‌ಪೆಕ್ಟರ ಮುಂದೆ ಕುಕ್ಕಿದ.

"ಗುರುತು ಸಿಕ್ತಾ ಸಾಹೇಬ್ರೇ? ನಿಮ್ಮ ಕಾನ್‌ಸ್ಟೇಬಲ್ಲಾಗಿದ್ದ ನನ್ನ ಭಾವ ಸತ್ತಿದ್ದು ಇದರ ಗುಂಡಿಗೇ."

"ಗಲಾಟೆಯಲ್ಲಿ ಯಾರೋ ನನ್ನ ಸೊಂಟದಿಂದ ಕಿತ್ಕೊಂಡ್ರು ಕಣಯ್ಯಾ. ಎಷ್ಟು ವರ್ಷ ಅದನ್ನೇ ಕೆದಕ್ತೀಯ?"

ಮೇಸ್ತ್ರಿ ಒಂದು ಹುರಿ ತೆಗೆದ. ಯಾರೂ ಕಸಿಯದಂತೆ ರಿವಾಲ್ವರನ್ನು ಹೆಗಲಿಗೆ ಕಟ್ಟಿಡುವ ಹುರಿ ಅದು. ಗಲಾಟೆಯ ದಿನ ರಿವಾಲ್ವರ್ ಹೋದರೂ ಅದು ಮಾತ್ರ ಹರಿಯದೆ ಇನ್ಸ್‌ಪೆಕ್ಟರ ಹೆಗಲಲ್ಲೇ ಉಳಿದಿತ್ತು. ಅದರ ಕೊಕ್ಕೆಯನ್ನು ಹಿಡಿಕೆಯ ಬಳೆಗೆ ಸಿಕ್ಕಿಸಿ, ಕುಣಿಕೆಯನ್ನು ಮುದುಕರ ಹೆಗಲಿಗೆ ಹಾಕಿ, ರಿವಾಲ್ವರ್ ಹಿಡಿದು ಜಗ್ಗಿದ. ಅವರ ಎದೆ ಮೇಜಿಗೆ ಬಡಿಯಿತು.

"ನೋಡಿ, ಹುರಿ ಹರೀಲಿಲ್ಲ, ಕೊಕ್ಕೆ ಬಿಡ್ಲಿಲ್ಲ. ಕಿತ್ಕೊಂಡೋನು ನಿಮ್ಮನ್ನೂ ಎಳ್ಕೊಂಡು ಹೋಗ್ಬೇಕಿತ್ತು!"

"ಬಿಡೋ ಮುಠ್ಠಾಳ!" ಎಂದು ಕೂಗುತ್ತಿದ್ದ ಹಾಗೆಯೇ ಮುದುಕರ ಹೆಬ್ಬೆರಳು ಕಣ್ಣಿನ ಸಹಾಯವಿಲ್ಲದೆ ಕೊಕ್ಕೆಯನ್ನು ಹುಡುಕಿ ಟಕ್ಕನೆ ಬಿಚ್ಚಿತು. ರಿವಾಲ್ವರ್ ಮೇಸ್ತ್ರಿಯ ಕೈಯಲ್ಲಿ ಉಳಿಯಿತು. ಇಬ್ಬರೂ ಆ ಬೆರಳನ್ನೇ ನೋಡಿದರು.

"ಅವತ್ತೂ ಹೀಗೇ ಬಿಚ್ಚಿ ಕೊಟ್ರಾ?"

ಇನ್ಸ್‌ಪೆಕ್ಟರು ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು. ಹೆದರಿ ಕೊಟ್ಟಿದ್ದರೋ, ಬೇಕೆಂದೇ ಕೊಟ್ಟಿದ್ದರೋ, ನನಗೆ ಗೊತ್ತಿಲ್ಲ.