ಮಂಜಿನಲ್ಲಿ ನೀರುನಾಯಿ

ರುದ್ರಸ್ವಾಮಿಗೆ ಗೊತ್ತಾಗಿಬಿಟ್ಟಿದೆಯೇ? ಇಲ್ಲ, ಸುಮ್ಮನೆ ನೋಡುತ್ತಿದ್ದಾನೆಯೇ? ಭೂತಗನ್ನಡಿ ಹಿಡಿದು ಬಗ್ಗಿದವನು ಕಣ್ಣೆತ್ತಿರಲಿಲ್ಲ. ಅವನ ಕಾಫಿ ಆರುತ್ತಿತ್ತು. ತಾನಾಗಿ ಏನಾದರೂ ಹೇಳಬೇಕೇ, ಅವನೇ ಕೇಳಲಿ ಎಂದು ಕಾಯಬೇಕೇ, ದೊರೆಸ್ವಾಮಿಗೆ ತಿಳಿಯಲಿಲ್ಲ.

ದೊರೆಸ್ವಾಮಿ ತೆಗೆದಿದ್ದ ಆ ಚಿತ್ರ ಅಂಗೈಯಗಲದ್ದು. ಕಾವೇರಿಯ ಮೇಲೆ ಬೆಳಗಿನ ಮಂಜು, ನಡುವೆ ಒದ್ದೆಯಾದ ಒಂದು ಕಪ್ಪು ತಲೆ. ಅದನ್ನು ಸ್ಪರ್ಧೆಗೆ ಕಳಿಸಿದವಳು ಹೆಂಡತಿ ಭಾನುಮತಿ. ಊರಿನ ಛಾಯಾಗ್ರಾಹಕರ ಸಂಘ ೧೯೯೬ರ ಮೊದಲ ಬಹುಮಾನ ಕೊಟ್ಟಿತ್ತು. ರುದ್ರಸ್ವಾಮಿ ಆ ಸಂಘದ ಕಾರ್ಯದರ್ಶಿ.

"ಕಿವಿ ಎಲ್ಲಿ ಸಾರ್?" ಎಂದ. "ಚಿಕ್ಕದಾದ್ರೂ ನೀರುನಾಯಿಗೆ ಕಿವಿ ಇರ್ತದಲ್ಲ."

"ಮಂಜಿತ್ತು."

"ಬೇಜಾರು ಮಾಡ್ಕೋಬೇಡಿ. ಮೃಗಾಲಯದ ತೊಟ್ಟೀಲಿ ತೆಗ್ದಿರೋದು ಅಂತ ಸಂಘದಲ್ಲಿ ಕೆಲವರು ಆಡ್ಕೋತಾವ್ರೆ. ನೆಗೆಟಿವ್ ಕೊಟ್ಬುಡಿ. ಪ್ರದರ್ಶನಕ್ಕೆ ಗೋಡೆಯಗಲ ಮಾಡಿಸಿ ಅವ್ರ ಬಾಯಿ ಮುಚ್ಚಿಸ್ತೀನಿ."

"ಕೊಡ್ರೀ," ಎಂದಳು ಭಾನುಮತಿ ಬಾಗಿಲಲ್ಲಿ ನಿಂತು. "ಕೆಳಗೆ ಲಹರಿ ಹೆಸರು ಬರೆಸೋಣ. ನನ್ನ ಮಗು ಕೊನೇಲಿ ನೋಡಿದ್ದು ಅದೊಂದೇ ಅಲ್ವಾ?"

ಹಿಂದಿನ ಡಿಸೆಂಬರಿನಲ್ಲಿ ಒಂಬತ್ತು ವರ್ಷದ ಲಹರಿ ಅಪ್ಪನ ಜೊತೆ ಹೊಳೆಗೆ ಹೋಗಿದ್ದಳು. ನೀರುನಾಯಿಗೆ ಕಾದು ಕೂರುವವರಿಗೆ ಒಂದೇ ಕಟ್ಟಳೆ. ಏನೇ ಆಗಲಿ, ಬಾಯಿ ಬಿಡಬಾರದು. ಅದನ್ನು ಅವಳಿಗೆ ಅವನೇ ಕಲಿಸಿದ್ದ. ಅವನು ಲೆನ್ಸಿಗೆ ಕಣ್ಣಿಟ್ಟು ಕೂತಿದ್ದಾಗ ಅವಳು ಹಿಂದೆ, ಹರಿವಿನ ಮೇಲಣ ಬಂಡೆಯಿಂದ ಜಾರಿದ್ದಳು. ನೀರಿನ ಮೊರೆತದಲ್ಲಿ ಬಿದ್ದದ್ದು ಕೇಳಲಿಲ್ಲ. ಅವಳು ಕೂಗಲೂ ಇಲ್ಲ. ಆಮೇಲೆ ಕೆಳಗಿನ ಮಡುವಿನಲ್ಲಿ ಸಿಕ್ಕಳು.

ಭಾನುಮತಿ ಗಂಡನನ್ನು ಒಮ್ಮೆಯೂ ದೂರಲಿಲ್ಲ. ಮಗು ನೀರುನಾಯಿಯನ್ನು ಕಣ್ತುಂಬ ನೋಡಿ ಹೋಯಿತು ಎಂಬುದೊಂದನ್ನೇ ಹಿಡಿದುಕೊಂಡು ಅವಳು ಊಟ ಮಾಡುತ್ತಿದ್ದಳು, ಮಲಗುತ್ತಿದ್ದಳು.

ಹಿಂದಿನ ದಿನವಷ್ಟೇ ದೊರೆಸ್ವಾಮಿ ಅವಳ ಒತ್ತಾಯಕ್ಕೆ ಕತ್ತಲೆಕೋಣೆಗೆ ಹೋಗಿ ಆ ಚಿತ್ರವನ್ನು ದೊಡ್ಡದು ಮಾಡಲು ನೋಡಿದ್ದ. ದ್ರಾವಣದ ತಟ್ಟೆಯಲ್ಲಿ ತಲೆ ನಿಧಾನವಾಗಿ ಮೂಡಿತ್ತು. ಪೂರ್ತಿ ಮೂಡುವ ಮೊದಲೇ ಬಿಳಿ ದೀಪ ಹಾಕಿ ಕಾಗದವನ್ನು ಹಾಳು ಮಾಡಿದ್ದ.

"ನೆಗೆಟಿವ್ ಇಲ್ಲ," ಎಂದ. "ಸುಟ್ಟುಹಾಕಿದೆ. ಅವರು ಹೇಳೋದು ನಿಜ. ಅದು ಹೊಳೇದಲ್ಲ. ಮೃಗಾಲಯದ್ದೇ."

ರುದ್ರಸ್ವಾಮಿ ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡ.

"ಬಹುಮಾನ ಈಸ್ಕೊಳ್ಳುವಾಗ ಬಾಯಿ ಬಿದ್ದೋಗಿತ್ತಾ ಸಾರ್? ಅರಮನೇಲಿ ಸೇವೆ ಮಾಡಿದ ಮನೆತನ ಅಂತ ನಿಮಗೆ ಮೊದಲ ಸಾಲಲ್ಲಿ ಕುರ್ಚಿ ಹಾಕ್ತಿದ್ವಿ. ಎಲ್ರನ್ನೂ ಚೆನ್ನಾಗಿ ಮಂಗ ಮಾಡ್ಬುಟ್ರಿ."

ಗೋಡೆಯ ಮೇಲಿದ್ದ ಬಹುಮಾನದ ಫಲಕವನ್ನು ತಾನೇ ಇಳಿಸಿಕೊಂಡು ಹೊರಟ. ಯಾದವಗಿರಿಯ ಆ ನಿಶ್ಶಬ್ದ ಬೀದಿಯಲ್ಲಿ ಅವನ ಸ್ಕೂಟರಿನ ಸದ್ದು ಬಹಳ ಹೊತ್ತು ಕೇಳಿಸಿತು.

"ಹಾಗಾದ್ರೆ ಅವತ್ತು ನೀರುನಾಯಿ ಬರಲೇ ಇಲ್ವಾ?" ಭಾನುಮತಿ ಕೇಳಿದಳು.

"ಇಲ್ಲ."

"ಮಗು ಏನೂ ನೋಡ್ಲಿಲ್ಲ."

"ಇಲ್ಲ."

"ನನಗೆ ಸುಳ್ಳು ಹೇಳಿದ್ರಿ. ಸರಿ. ಅವಳ ಹೆಸರಲ್ಲೂ ಹೇಳಿದ್ರಲ್ಲ."

ಅವಳು ಮೇಜಿನ ಮೇಲಿದ್ದ ಚಿತ್ರವನ್ನು ಎತ್ತಿಕೊಂಡು ಬಚ್ಚಲುಮನೆಗೆ ನಡೆದಳು. ಹಂಡೆಯ ಒಲೆಯಲ್ಲಿ ಉರಿ ಇತ್ತು. ಅವನೂ ಹಿಂದೆ ಹೋಗಿ ನಿಂತ. ಕೈ ಅಡ್ಡ ಚಾಚಲಿಲ್ಲ. ಚಿತ್ರ ಅಂಚಿನಿಂದ ಸುರುಳಿಯಾಗಿ ಒಳಕ್ಕೆ ಮಡಚಿಕೊಂಡಿತು.

ಅಂದಿನಿಂದ ಅವಳು ಅವನ ಜೊತೆ ಮಾತು ಬಿಟ್ಟಳು. ತಟ್ಟೆ ಇಡುವಳು, ಎದ್ದು ಹೋಗುವಳು. ಸಂಘದವರು ದಾರಿಯಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದರು. ಎಲ್ಲವನ್ನೂ ಅವನು ಸಹಿಸಿಕೊಂಡ.

ಮಂಜಿನಲ್ಲಿ ಮೇಲೆದ್ದಿದ್ದ ಆ ಒದ್ದೆ ತಲೆ ಲಹರಿಯದು ಎಂದು ಮಾತ್ರ ಅವನು ಎಂದೂ ಹೇಳಲಿಲ್ಲ.